ಅದಲ್ಲವಂತೆ

ಮೈಯಲ್ಲಿ ಬೇರೆಲ್ಲೇ ಏನಾದರೂ ಸೀರೆ ಮುಚ್ಚಿಕೊಳ್ಳುತ್ತದೆ. ಕಾಲಿನದು ನೆರಿಗೆಯೊಳಗೆ ಇರುತ್ತದೆ, ಕೈಯದನ್ನು ಉದ್ದ ತೋಳಿನ ರವಿಕೆಯಲ್ಲಿ ಅಡಗಿಸಬಹುದು. ಮುಖಕ್ಕೆ ಮಾತ್ರ ಅಂಥ ಅನುಕೂಲ ಇಲ್ಲ. ಬೆಳಿಗ್ಗೆ ಬೊಟ್ಟು ಇಟ್ಟುಕೊಳ್ಳುವಾಗ ಕನ್ನಡಿಯಲ್ಲಿ ಒಂದು ನಿಮಿಷ ಕಂಡದ್ದನ್ನು ಬಿಟ್ಟರೆ ನಮ್ಮ ಮುಖವನ್ನು ನಾವು ನೋಡುವುದೇ ಇಲ್ಲ, ಉಳಿದ ಹೊತ್ತೆಲ್ಲ ಅದು ಬೇರೆಯವರ ಕಣ್ಣಿನಲ್ಲಿರುತ್ತದೆ. ಅದರಲ್ಲೂ ಹೆಂಗಸರ ಮುಖದ ವಿಷಯದಲ್ಲಿ ನಮ್ಮ ಊರುಗಳಿಗೆ ವಿಶೇಷ ಸಲಿಗೆ. "ಯಾಕ್ರೀ ಇಷ್ಟು ಕಪ್ಪಾಗಿದ್ದೀರಿ?", "ಮುಖ ಊದಿದ ಹಾಗಿದೆ, ಥೈರಾಯ್ಡ್ ಇರಬೇಕು, ತೋರಿಸಿಕೊಳ್ಳಿ" ಎಂದು ಸೊಪ್ಪಿನ ಕಟ್ಟು ಆರಿಸುತ್ತಲೇ ಹೇಳಿ ಹೋಗುತ್ತಾರೆ. ಕೇಳಿಸಿಕೊಂಡವರು ಮನೆಗೆ ಬಂದು ಮತ್ತೆ ಕನ್ನಡಿ ನೋಡುತ್ತಾರೆ.

ನಾನು ಬರೆಯಹೊರಟಿರುವುದು ನಮ್ಮ ದೊಡ್ಡ ಅತ್ತಿಗೆಯ ಮುಖದ ಬಗ್ಗೆ. ಅವರನ್ನು ಕೇಳಿಯೇ ಬರೆಯುತ್ತಿದ್ದೇನೆ. "ಬರಿ, ಹೆಸರು ಮಾತ್ರ ಹಾಕಬೇಡ" ಎಂದರು.

2016ರ ದೀಪಾವಳಿಯ ಹೊತ್ತಿಗೆ ಅವರ ಎಡ ಹುಬ್ಬಿನ ತುದಿಯಲ್ಲಿ ತುರಿಕೆ ಶುರುವಾಯಿತು. ಚಳಿಗೆ ಮೈ ಜುಮ್ಮೆಂದಾಗ ಮುಳ್ಳು ಏಳುತ್ತದಲ್ಲ, ಹಾಗೆ ಸಣ್ಣ ಸಣ್ಣ ಗುಳ್ಳೆ. ಪಕ್ಕದ ಮನೆಯವರು ಸ್ಟಿಕರ್ ಬೊಟ್ಟಿನ ಗೋಂದಿನದೇ ಕೆಲಸ ಎಂದರು. ಅದೇನು ತೀರಾ ತಲೆಬುಡವಿಲ್ಲದ ಮಾತಲ್ಲ. ಆ ಗೋಂದಿನಲ್ಲಿರುವ ಒಂದು ರಾಸಾಯನಿಕ ಕೆಲವರ ಚರ್ಮದ ಬಣ್ಣವನ್ನೇ ತೆಗೆದುಬಿಡುತ್ತದೆ, ಹಣೆಯ ನಡುವೆ ಬಿಳಿಯ ಚುಕ್ಕೆ ಉಳಿದವರನ್ನು ನೀವೂ ನೋಡಿರಬಹುದು. ಅತ್ತಿಗೆ ಸ್ಟಿಕರ್ ಬಿಟ್ಟು ಕುಂಕುಮಕ್ಕೆ ತಿರುಗಿದರು. ತುರಿಕೆ ನಿಲ್ಲಲಿಲ್ಲ. ಆಮೇಲೆ ಮೆಡಿಕಲ್ ಶಾಪಿನವನು ಒಂದು ಟ್ಯೂಬ್ ಕೊಟ್ಟ. ನಮ್ಮ ಕಡೆ ಚರ್ಮಕ್ಕೆ ಮೊದಲ ಡಾಕ್ಟರು ಅವನೇ. ಹಚ್ಚಿದ ನಾಲ್ಕು ದಿನಕ್ಕೆ ಕೆಂಪು ಇಳಿಯಿತು, ಬಿಟ್ಟ ಹದಿನೈದು ದಿನಕ್ಕೆ ಮತ್ತೆ ಬಂತು. ಅದರಲ್ಲಿದ್ದದ್ದು ಸ್ಟಿರಾಯ್ಡ್. ಅದು ಮೇಲಿನ ಕೆಂಪನ್ನು ಅಡಗಿಸುತ್ತದೆ, ಒಳಗಿನದನ್ನು ಹೋಗಲಾಡಿಸುವುದಿಲ್ಲ. ಎರಡು ವರ್ಷದಲ್ಲಿ ಅಂಥ ಟ್ಯೂಬುಗಳು ಎಷ್ಟು ಖಾಲಿಯಾದವೋ ಲೆಕ್ಕ ಇಟ್ಟವರಿಲ್ಲ.

ಅಷ್ಟರಲ್ಲಿ ಹುಬ್ಬಿನ ಹೊರಗಿನ ಅರ್ಧ ಉದುರಿಹೋಯಿತು. ಗುಳ್ಳೆಗಳೆಲ್ಲ ಕೂಡಿಕೊಂಡು ದಪ್ಪನೆಯ ಕಂದುಗೆಂಪು ಮಚ್ಚೆಯಾಗಿ ಹಣೆಗೆ ಏರಿದವು, ಕೆನ್ನೆಗೆ ಇಳಿದವು, ಕಿವಿಯ ಹಾಲೆಯೂ ಸ್ವಲ್ಪ ದಪ್ಪಗೆ ಕಂಡಿತು. ಹುಬ್ಬು ಉದುರಿ ಕಿವಿ ದಪ್ಪವಾಗುವುದು ಯಾವ ರೋಗದ ಲಕ್ಷಣ ಎಂದು ನಮ್ಮ ಹಿರಿಯರಿಗೆ ಯಾರೂ ಪಾಠ ಮಾಡಬೇಕಾಗಿಲ್ಲ. ಕುಷ್ಠ ಎಂಬ ಶಬ್ದವನ್ನು ಮಾತ್ರ ಯಾರೂ ಬಾಯಿಬಿಟ್ಟು ಆಡಲಿಲ್ಲ. "ಅದು ಇರಬಹುದಾ?" ಎಂದಷ್ಟೇ. "ಅದು" ಎಂದರೆ ಯಾವುದು ಎಂದು ಯಾರೂ ಕೇಳಲಿಲ್ಲ.

ಊರು ಅವರನ್ನು ಕಲ್ಲು ಹೊಡೆದು ಓಡಿಸಲಿಲ್ಲ. ಈಗಿನ ಕಾಲದಲ್ಲಿ ಹಾಗೆಲ್ಲ ಮಾಡುವುದಿಲ್ಲ. ಶ್ರಾವಣದ ಅರಿಶಿನ ಕುಂಕುಮಕ್ಕೆ ಎರಡು ಮನೆಯವರು ಕರೆಯಲು ಮರೆತರು. ಮೂರನೆಯ ಮನೆಯಲ್ಲಿ ಎಲ್ಲರಿಗೂ ಸ್ಟೀಲ್ ಲೋಟದಲ್ಲಿ ಕಾಫಿ ಬಂದರೆ ಅತ್ತಿಗೆಗೆ ಕಾಗದದ ಕಪ್ಪಿನಲ್ಲಿ ಬಂತು. "ಲೋಟ ಸಾಲಲಿಲ್ಲ ನೋಡಿ" ಎಂದರಂತೆ ಆ ಮನೆಯಾಕೆ. ಅತ್ತಿಗೆ ಆ ಕಾಫಿಯನ್ನು ಪೂರ್ತಿ ಕುಡಿದು, ಕಪ್ಪನ್ನು ತಾವೇ ಹಿತ್ತಲಿನ ಕಸದ ಬುಟ್ಟಿಗೆ ಹಾಕಿ ಬಂದರು. ಮಗಳಿಗೆ ಗಂಡು ನೋಡುತ್ತಿದ್ದ ದಿನಗಳು ಅವು. ಬಂದು ಹೋದ ಒಂದು ಕಡೆಯವರು ಹುಡುಗಿಯ ಬಗ್ಗೆ ಏನೂ ಹೇಳದೆ, "ನಿಮ್ಮ ಮನೆಯವರ ಮುಖಕ್ಕೆ ಏನಾಗಿದೆ?" ಎಂದು ಅಣ್ಣನಿಗೆ ಫೋನು ಮಾಡಿದರು.

ಇವೆಲ್ಲಕ್ಕಿಂತ ನನಗೆ ನೋಡಲಾಗದೆ ಹೋದದ್ದು ಅತ್ತಿಗೆ ತಮ್ಮಷ್ಟಕ್ಕೆ ತಾವೇ ಮಾಡಿಕೊಂಡ ಏರ್ಪಾಡು. ಯಾರೂ ಹೇಳದೆಯೇ ತಮ್ಮ ತಟ್ಟೆ ಲೋಟ ಬೇರೆ ಇಟ್ಟರು. ಟವೆಲ್ಲನ್ನು ಬಚ್ಚಲ ಹಿಂದಿನ ತಂತಿಯ ಮೇಲೆ ಹರವತೊಡಗಿದರು. ಎರಡು ವರ್ಷದ ಮೊಮ್ಮಗ ಓಡಿಬಂದು ಸೆರಗು ಹಿಡಿದರೆ "ಅಜ್ಜಿಗೆ ಕೈ ನೋವು ಕಣೋ" ಎಂದು ಎತ್ತಿಕೊಳ್ಳದೆ ಸರಿಯುತ್ತಿದ್ದರು.

ಡಾಕ್ಟರಿಗೆ ತೋರಿಸಲು ಇಷ್ಟು ತಡವೇಕೆ ಎಂದು ನೀವು ಕೇಳಬಹುದು. ಅಣ್ಣ ನಿವೃತ್ತ ಗುಮಾಸ್ತ, ಕಾಗದದ ಶಕ್ತಿ ಬಲ್ಲವನು. ಬಾಯಿಮಾತಿನಲ್ಲಿ ಇರುವವರೆಗೆ ಅನುಮಾನ, ಚೀಟಿಯ ಮೇಲೆ ಒಮ್ಮೆ ಬರೆದರೆ ಮುಗಿಯಿತು ಎಂಬ ಭಯ ಅವನಿಗೆ. ಕೊನೆಗೆ 2018ರ ಚಳಿಗಾಲದಲ್ಲಿ ನಾನೇ ರಜೆ ಹಾಕಿ ಅತ್ತಿಗೆಯನ್ನು ಶಿವಮೊಗ್ಗದ ಚರ್ಮದ ಡಾಕ್ಟರ ಹತ್ತಿರ ಕರೆದುಕೊಂಡು ಹೋದೆ.

ಆ ಡಾಕ್ಟರು ವಯಸ್ಸಾದವರು. ಅತ್ತಿಗೆಗೆ ಕಣ್ಣು ಮುಚ್ಚಲು ಹೇಳಿ ಹತ್ತಿಯ ಎಳೆಯಿಂದ ಹಣೆ, ಕೆನ್ನೆ, ಕೈಗಳನ್ನು ಮುಟ್ಟುತ್ತಾ "ಈಗ ಗೊತ್ತಾಯ್ತಾ? ಈಗ?" ಎಂದು ಕೇಳಿದರು. ಪ್ರತಿ ಸಲವೂ ಗೊತ್ತಾಯಿತು. ಮೊಣಕೈಯ ಹಿಂದೆ, ಕತ್ತಿನ ಪಕ್ಕದಲ್ಲಿ ನರ ಹುಡುಕಿ ಒತ್ತಿ ನೋಡಿದರು. ಆಮೇಲೆ ಕೇಳಿದ ಪ್ರಶ್ನೆ ನನಗೆ ವಿಚಿತ್ರವೆನಿಸಿತು: "ತುರಿಸುತ್ತದಾ?" ಅತ್ತಿಗೆ, "ಅಯ್ಯೋ, ರಾತ್ರಿಯೆಲ್ಲ ನಿದ್ದೆ ಇಲ್ಲ ಸಾರ್" ಎಂದರು. ಡಾಕ್ಟರ ಮುಖ ತುಸು ಸಡಿಲವಾಯಿತು. ಕುಷ್ಠರೋಗದ ಕೀಟಾಣು ನರಗಳನ್ನು ಹಿಡಿಯುವುದರಿಂದ ಆ ಮಚ್ಚೆಗಳಲ್ಲಿ ಸಾಧಾರಣವಾಗಿ ಸ್ಪರ್ಶ ಮಂದವಾಗುತ್ತದೆಯೇ ಹೊರತು ಹೀಗೆ ನಿದ್ದೆಗೆಡಿಸುವ ತುರಿಕೆ ಇರುವುದಿಲ್ಲ. ಆದರೂ ಅವರು ಬರೀ ಅಂದಾಜಿಗೆ ಬಿಡದೆ ಕಿವಿಯ ಹಾಲೆಯಲ್ಲಿ ಸಣ್ಣದಾಗಿ ಗೀರಿ ರಸ ತೆಗೆದು ಗಾಜಿನ ಮೇಲೆ ಸವರಿ ಪರೀಕ್ಷೆಗೆ ಕಳಿಸಿದರು. ಕೀಟಾಣು ಸಿಗಲಿಲ್ಲ. "ಹಾಗಾದರೆ ಏನು ಸಾರ್?" ಎಂದೆ. "ಅದು ತುಂಡು ತೆಗೆದು ನೋಡದೆ ಹೇಳುವುದಲ್ಲಮ್ಮ, ಮಂಗಳೂರಿಗೆ ಹೋಗಿ" ಎಂದು ಪತ್ರ ಕೊಟ್ಟರು.

ಮಂಗಳೂರಿನಲ್ಲಿ ಹುಬ್ಬಿನ ಹತ್ತಿರ ಬಯಾಪ್ಸಿ ಮಾಡಿದರು. ನಾಲ್ಕು ಮಿಲಿಮೀಟರ್ ಅಗಲದ ದುಂಡನೆಯ ತುಂಡು. ಪೆನ್ಸಿಲಿನ ಅರ್ಧ ದಪ್ಪಕ್ಕಿಂತ ಸ್ವಲ್ಪ ಹೆಚ್ಚು, ಅಷ್ಟೆ. ಮುಖದ ಮೇಲೆ ಗುರುತು ಉಳಿಯುತ್ತದೆಂದು ಡಾಕ್ಟರುಗಳೂ ರೋಗಿಗಳೂ ಇದಕ್ಕೆ ಹಿಂಜರಿಯುತ್ತಾರಂತೆ. ಮೊದಲ ವರದಿಯಲ್ಲಿ ಯಾವ ನಿರ್ಧಾರವೂ ಇರಲಿಲ್ಲ. ಹಚ್ಚುತ್ತಲೇ ಬಂದಿದ್ದ ಸ್ಟಿರಾಯ್ಡ್ ಮುಲಾಮು ರೋಗದ ಗುರುತುಗಳನ್ನು ಮಸುಕು ಮಾಡಿತ್ತು. ಒಂದು ತಿಂಗಳು ಏನನ್ನೂ ಹಚ್ಚದೆ ಬನ್ನಿ ಎಂದರು. ಆ ತಿಂಗಳು ಮುಖ ಕೆಂಡದ ಹಾಗಿತ್ತು. ಅತ್ತಿಗೆ ಬೀದಿಗೆ ಇಳಿಯಲಿಲ್ಲ. ಎರಡನೆಯ ಸಲ ಕೂದಲಿನ ಬುಡ ಪೂರ್ತಿ ಬರುವ ಹಾಗೆ ಆಳಕ್ಕೆ ತೆಗೆದರು.

ಈ ಪರೀಕ್ಷೆಯ ಮರ್ಮವನ್ನು ಅಲ್ಲಿನ ಯುವ ಡಾಕ್ಟರಮ್ಮ ನನಗೆ ಬಿಡಿಸಿ ಹೇಳಿದಳು. ನಾನು ಟೀಚರ್ ಎಂದು ತಿಳಿದ ಮೇಲೆ ಇನ್ನೂ ಉತ್ಸಾಹದಿಂದ ಹೇಳಿದಳು. ನಮ್ಮ ರಕ್ತದಲ್ಲಿ ಲಿಂಫೋಸೈಟ್ ಎಂಬ ಬಿಳಿ ಕಣಗಳಿವೆ, ದೇಹದ ಕಾವಲು ಅವುಗಳ ಕೆಲಸ. ಚರ್ಮಕ್ಕೆ ಏನಾದರೂ ತಾಗಿದರೆ ಅವು ಅಲ್ಲಿಗೆ ಸೇರುತ್ತವೆ. ಇಸಬಾದರೂ ಸೇರುತ್ತವೆ, ಅಲರ್ಜಿಯಾದರೂ ಸೇರುತ್ತವೆ. ಹಾಗಾಗಿ ಸೂಕ್ಷ್ಮದರ್ಶಕದಲ್ಲಿ ಅವು ಕಂಡ ಮಾತ್ರಕ್ಕೆ ಏನೂ ಹೇಳಲಾಗದು. ಸಾಮಾನ್ಯ ಉರಿಯೂತದಲ್ಲಿ ಸೇರುವುದು ಜಾತ್ರೆಯ ಜನ, ಬೇರೆ ಬೇರೆ ಮನೆಯವರು. ಲಿಂಫೋಮಾದಲ್ಲಿ ಸೇರಿರುವುದು ಬಹುಮಟ್ಟಿಗೆ ಒಂದೇ ಮನೆಯವರು. ಎಲ್ಲೋ ಒಂದು ಕಣ ತಪ್ಪು ದಾರಿ ಹಿಡಿದು ಹೆಚ್ಚಿಕೊಂಡ ಸಂತಾನ ಅದು. ಬಣ್ಣ ಹಾಕಿ ಅವು ಯಾವ ಬಗೆಯವೆಂದು ನೋಡುತ್ತಾರೆ, ಜೀನ್ ಪರೀಕ್ಷೆ ಮಾಡಿ ಒಂದೇ ವಂಶವೋ ಎಂದು ನೋಡುತ್ತಾರೆ. ಅದೂ ಸಾಲದೆ ರೋಗಿಯ ಮುಖವನ್ನು ಮತ್ತೊಮ್ಮೆ ನೋಡಿ ಮೂರನ್ನೂ ತಾಳೆ ಹಾಕುತ್ತಾರೆ. ಈ ರೋಗ ಶುರುವಾದಾಗಿನಿಂದ ಹೆಸರು ಸಿಗುವ ತನಕ ಎಷ್ಟೋ ಜನರಿಗೆ ಮೂರು ನಾಲ್ಕು ವರ್ಷ ಹಿಡಿಯುವುದು ಇದಕ್ಕೇ.

2019ರ ಫೆಬ್ರುವರಿಯಲ್ಲಿ ಫಲಿತಾಂಶ ಬಂತು. ಕೂದಲಿನ ಬುಡದ ಸುತ್ತ ಆ ಕಣಗಳು ಮುತ್ತಿದ್ದವು, ಹುಬ್ಬು ಉದುರಿದ್ದು ಅದರಿಂದ. ಡಾಕ್ಟರು ನಿಧಾನವಾಗಿ, ಎದುರಿನವರು ಕುಸಿದುಬಿಟ್ಟಾರು ಎಂಬ ಎಚ್ಚರದಲ್ಲಿ, "ಇದು ಚರ್ಮದ ಒಂದು ಬಗೆಯ ಕ್ಯಾನ್ಸರ್, ಲಿಂಫೋಮಾ ಅನ್ನುತ್ತೇವೆ" ಎಂದರು. ಅತ್ತಿಗೆ ಕುಸಿಯಲಿಲ್ಲ. ಅವರು ಕೇಳಿದ್ದು ಒಂದೇ ಪ್ರಶ್ನೆ: "ಅದಲ್ಲ ಅಲ್ವಾ ಸಾರ್?" ಡಾಕ್ಟರಿಗೆ ಅರ್ಥವಾಗಲಿಲ್ಲ. ನಾನು ಬಿಡಿಸಿ ಕೇಳಿದೆ. "ಖಂಡಿತ ಕುಷ್ಠ ಅಲ್ಲ" ಎಂದರು. ಅತ್ತಿಗೆ ಸೆರಗಿನಲ್ಲಿ ಮುಖ ಒತ್ತಿ ಅತ್ತರು. ಮೂರು ವರ್ಷದಲ್ಲಿ ಮೊದಲ ಸಲ ಅವರು ಸಮಾಧಾನದಿಂದ ಅತ್ತದ್ದು ಎಂದು ನನಗೆ ಅನ್ನಿಸಿತು.

ಹೊರಗಿನ ಹಾಲಿಗೆ ಬಂದ ಕೂಡಲೇ ಅಣ್ಣ ಮಗನಿಗೆ ಫೋನು ಹಚ್ಚಿದ. ಅವನ ದನಿ ಮೊದಲೇ ದೊಡ್ಡದು. "ದೇವರು ದೊಡ್ಡವನು ಕಣೋ! ಅದಲ್ಲವಂತೆ! ಕ್ಯಾನ್ಸರಂತೆ!" ಎಂದ. ನಮ್ಮ ಎದುರಿನ ಬೆಂಚಿನಲ್ಲಿ ಇಪ್ಪತ್ತರ ಸುಮಾರಿನ ಒಬ್ಬ ಹುಡುಗಿ ತಾಯಿಯ ಜೊತೆ ಕುಳಿತಿದ್ದಳು. ಅವಳ ಕೈಯಲ್ಲಿ 28 ದಿನದ ಮಾತ್ರೆ ಜೋಡಿಸಿದ ಪಟ್ಟಿ ಇತ್ತು. ಆ ಪಟ್ಟಿ ನನಗೆ ಗೊತ್ತು. ಆರೋಗ್ಯ ಇಲಾಖೆಯವರು ಶಾಲೆಗೆ ಬಂದು ಮಕ್ಕಳಿಗೆ ತೋರಿಸಿ, ಕುಷ್ಠಕ್ಕೆ ಈ ಮಾತ್ರೆ ಪುಕ್ಕಟೆ ಸಿಗುತ್ತದೆ ಎಂದು ಹೇಳಿ ಹೋಗುತ್ತಾರೆ. ಅವಳ ಮುಖದ ಬಣ್ಣವೂ ಸ್ವಲ್ಪ ಕಪ್ಪಿಟ್ಟಿತ್ತು. ಆ ಪಟ್ಟಿಯಲ್ಲಿರುವ ಕ್ಲೋಫಾಜಿಮಿನ್ ಎಂಬ ಮಾತ್ರೆಯಿಂದ ಹಾಗಾಗುತ್ತದೆ, ಔಷಧ ನಿಲ್ಲಿಸಿದ ಮೇಲೆ ನಿಧಾನವಾಗಿ ತಿಳಿಯಾಗುತ್ತದೆ. ಅಣ್ಣನ ಮಾತು ಕೇಳಿ ಅವಳು ತಲೆ ಎತ್ತಿ ನೋಡಿದಳು. ಪಟ್ಟಿಯನ್ನು ಬ್ಯಾಗಿನೊಳಗೆ ಸೇರಿಸಿದಳು. ತಾಯಿಯ ಕೈ ಹಿಡಿದೆಳೆದು ಹಾಲಿನ ಆ ತುದಿಯ ಬೆಂಚಿಗೆ ಹೋಗಿ ಕುಳಿತಳು. ಅಣ್ಣ ಇದನ್ನು ಗಮನಿಸಲಿಲ್ಲ. ಅತ್ತಿಗೆ ಗಮನಿಸಿದರು.

ಈ ರೋಗದ ಹೆಸರಿನ ಕಥೆಯನ್ನೂ ಇಲ್ಲೇ ಹೇಳಿಬಿಡುತ್ತೇನೆ. ಚೀಟಿಯಲ್ಲಿ ಬರೆದದ್ದು ಮೈಕೋಸಿಸ್ ಫಂಗಾಯ್ಡಿಸ್. ಅಣ್ಣ "ಫಂಗಸ್ ಅಂತೆ, ಅಷ್ಟೇ" ಎಂದು ಊರಿಗೆಲ್ಲ ಹೇಳಿಕೊಂಡು ಬಂದ. ಮೆಡಿಕಲ್ ಶಾಪಿನವನು ಹುಳುಕಡ್ಡಿಯ ಮುಲಾಮು ತೆಗೆದೂ ಇಟ್ಟಿದ್ದ. ಇದಕ್ಕೂ ಫಂಗಸ್ಸಿಗೂ ಯಾವ ಸಂಬಂಧವೂ ಇಲ್ಲ. ಪ್ಯಾರಿಸ್ಸಿನ ಸೇಂಟ್ ಲೂಯಿ ಆಸ್ಪತ್ರೆಯ ಆಲಿಬೇರ್ ಎಂಬ ವೈದ್ಯ 1806ರಲ್ಲಿ ಇದನ್ನು ವರ್ಣಿಸಿದ. ಅವನು ನೋಡಿದ ರೋಗಿಯ ಮೈಮೇಲಿನ ಗಡ್ಡೆಗಳು ಅಣಬೆಯ ಹಾಗಿದ್ದವು. ಅಣಬೆಯಂಥದು ಎಂಬ ಹೆಸರು ಇನ್ನೂರು ವರ್ಷವಾದರೂ ಹೋಗಿಲ್ಲ. ಚರ್ಮದಲ್ಲೇ ಹುಟ್ಟುವ ಟಿ ಕಣಗಳ ಲಿಂಫೋಮಾಗಳೆಲ್ಲ ಸೇರಿದರೂ ಅಮೆರಿಕದ ಲೆಕ್ಕದಲ್ಲಿ ವರ್ಷಕ್ಕೆ ಹತ್ತು ಲಕ್ಷ ಜನರಲ್ಲಿ ಆರೇಳು ಮಂದಿಗೆ ಬರುತ್ತವೆ. ಅದರಲ್ಲಿ ಕೂದಲ ಬುಡ ಹಿಡಿದು ತಲೆ, ಮುಖ, ಕತ್ತಿಗೆ ಬರುವುದು ಇನ್ನೂ ಅಪರೂಪ. ನಮ್ಮಂಥ ಕಂದು ಚರ್ಮದವರಲ್ಲಿ ಮೈಕೋಸಿಸ್ ಫಂಗಾಯ್ಡಿಸ್ ಕೆಲವೊಮ್ಮೆ ಬಿಳಿಚಿದ ಮಚ್ಚೆಗಳಾಗಿಯೂ ಬರುತ್ತದೆ. ಆಗಂತೂ ಕುಷ್ಠದ ಅನುಮಾನ ತಪ್ಪಿದ್ದಲ್ಲ.

ಇನ್ನೊಂದು ಸಂಗತಿಯನ್ನು ಆ ಡಾಕ್ಟರಮ್ಮನೇ ಹೇಳಿದಳು. ಮುಖದ ಮೇಲೆ ಒಂದೇ ಒಂದು ಗಂಟಾಗಿ ಏಳುವ ಒಂದು ಬಗೆ ಇದೆ. ಅದನ್ನೂ ಮೊದಲು ಲಿಂಫೋಮಾ ಎಂದೇ ಕರೆಯುತ್ತಿದ್ದರು. ಅದು ಯಾರಿಗೂ ಹೆಚ್ಚಿನ ಕೇಡು ಮಾಡುವುದಿಲ್ಲ, ಕೆಲವೊಮ್ಮೆ ಬಯಾಪ್ಸಿ ಮಾಡಿದ ಮೇಲೆ ತಾನಾಗಿಯೇ ಕರಗುತ್ತದೆ ಎಂದು ಕಂಡುಕೊಂಡ ಮೇಲೆ, 2016ರಲ್ಲಿ ವಿಶ್ವ ಆರೋಗ್ಯ ಸಂಸ್ಥೆಯ ಪಟ್ಟಿ ಪರಿಷ್ಕರಿಸುವಾಗ ಅದರ ಹೆಸರಿನಿಂದ ಲಿಂಫೋಮಾ ಎಂಬ ಪದವನ್ನೇ ತೆಗೆದುಹಾಕಿದರು. ಗಂಟು ಅದೇ, ಮುಖ ಅದೇ. ಒಂದು ಸಮಿತಿ ಕುಳಿತು ಎದ್ದ ಮೇಲೆ ಅದು ಕ್ಯಾನ್ಸರ್ ಅಲ್ಲ. ಕುಷ್ಠಕ್ಕೂ ಹ್ಯಾನ್ಸೆನ್ ರೋಗ ಎಂಬ ಇನ್ನೊಂದು ಹೆಸರು ಕೊಟ್ಟು ಎಷ್ಟೋ ವರ್ಷಗಳಾದವು. 1873ರಲ್ಲಿ ನಾರ್ವೆಯ ಹ್ಯಾನ್ಸೆನ್ ಅದರ ಕೀಟಾಣುವನ್ನು ಕಂಡುಹಿಡಿದ, ಹಾಗಾಗಿ ಆ ಹೆಸರು. ಆ ಹೆಸರಿನಿಂದ ಯಾರಿಗಾದರೂ ಸ್ಟೀಲ್ ಲೋಟ ಸಿಕ್ಕಿದ್ದನ್ನು ನಾನು ಕಾಣೆ.

ಅತ್ತಿಗೆಯ ಆ ಸಮಾಧಾನದ ಅಳು ನನ್ನನ್ನು ಬಹಳ ದಿನ ಕಾಡಿತು. ಸ್ಟಾಫ್ ರೂಮಿನಲ್ಲಿ ಈ ಮಾತು ಬಂದಾಗ ವಿಜ್ಞಾನದ ಟೀಚರ್ ಒಬ್ಬರು, "ಪಾಪ, ತಿಳುವಳಿಕೆ ಸಾಲದು. ಕುಷ್ಠ ವಾಸಿಯಾಗುವ ರೋಗ, ಕ್ಯಾನ್ಸರ್ ಹಾಗಲ್ಲ. ಖುಷಿಪಡಬೇಕಾದ್ದು ಉಲ್ಟಾ ಅಲ್ಲವೇ?" ಎಂದರು. ನನಗೆ ಒಪ್ಪಿಗೆಯಾಗಲಿಲ್ಲ. ಅತ್ತಿಗೆ ಎಸ್ಸೆಸ್ಸೆಲ್ಸಿ ಪಾಸಾದವರು, ದಿನಪತ್ರಿಕೆ ಬಿಡದೆ ಓದುತ್ತಾರೆ. ಮೂರು ಔಷಧ ಸೇರಿಸಿ ಕೊಡುವ ಚಿಕಿತ್ಸೆಯನ್ನು 1981ರಲ್ಲಿ ವಿಶ್ವ ಆರೋಗ್ಯ ಸಂಸ್ಥೆ ಹೇಳಿತು, ಅದು ಆರು ತಿಂಗಳಿಗೋ ವರ್ಷಕ್ಕೋ ಮುಗಿಯುತ್ತದೆ, ಔಷಧ ಶುರುಮಾಡಿದ ಕೆಲವೇ ದಿನದಲ್ಲಿ ಇನ್ನೊಬ್ಬರಿಗೆ ಹರಡುವುದು ನಿಲ್ಲುತ್ತದೆ, ಬಹುಪಾಲು ಜನರ ಮೈಗೆ ಆ ಕೀಟಾಣುವನ್ನು ತಡೆಯುವ ಶಕ್ತಿ ಹುಟ್ಟಿನಿಂದಲೇ ಇರುತ್ತದೆ. ಇದನ್ನೆಲ್ಲ ನಾನೇ ಅವರಿಗೆ ಹೇಳಿದ್ದೆ. ಅವರು ಕೇಳಿ, "ಔಷಧ ನನಗೆ ಗೊತ್ತಮ್ಮ. ಊರಿಗೆ ಯಾವ ಔಷಧ ಕೊಡುತ್ತೀ?" ಎಂದಿದ್ದರು.

ಅವರ ಲೆಕ್ಕದಲ್ಲಿ ತಪ್ಪಿರಲಿಲ್ಲ. ಕಾನೂನನ್ನೇ ನೋಡಿ. 1955ರ ಹಿಂದೂ ವಿವಾಹ ಕಾಯಿದೆಯಲ್ಲಿ ಗಂಡ ಹೆಂಡತಿಯನ್ನಾಗಲಿ, ಹೆಂಡತಿ ಗಂಡನನ್ನಾಗಲಿ ಬಿಡಲು ಕೊಟ್ಟ ಕಾರಣಗಳ ಪಟ್ಟಿಯಲ್ಲಿ ಕುಷ್ಠವೂ ಒಂದಾಗಿತ್ತು. ಮುಸ್ಲಿಮರ, ಕ್ರೈಸ್ತರ ವಿಚ್ಛೇದನದ ಕಾನೂನುಗಳಲ್ಲೂ ಅದು ಇತ್ತು. ಕ್ಯಾನ್ಸರ್ ಇರಲಿಲ್ಲ. ಕುಷ್ಠದವರನ್ನು ಹಿಡಿದು ಬೇರೆ ಇಡಲು ಬ್ರಿಟಿಷರು 1898ರಲ್ಲಿ ಒಂದು ಕಾಯಿದೆ ಮಾಡಿದ್ದರು, ಅದು ರದ್ದಾದದ್ದು 2016ರಲ್ಲಿ. ವಿಚ್ಛೇದನದ ಪಟ್ಟಿಯಿಂದ ಕುಷ್ಠವನ್ನು ತೆಗೆದ ತಿದ್ದುಪಡಿಗೆ ಸಂಸತ್ತಿನ ಒಪ್ಪಿಗೆ ಸಿಕ್ಕಿದ್ದು 2019ರ ಫೆಬ್ರುವರಿಯಲ್ಲಿ. ನಾವು ಮಂಗಳೂರಿನ ಹಾಲಿನಲ್ಲಿ ಕುಳಿತಿದ್ದ ತಿಂಗಳೇ ಅದು. ಔಷಧ ಬಂದು ಮೂವತ್ತು ವರ್ಷ ಮೀರಿದ ಮೇಲೆ. ಅಷ್ಟು ವರ್ಷವೂ ಈ ದೇಶದ ಹೆಂಗಸಿಗೆ ಒಂದು ರೋಗ ಬಂದರೆ ಪ್ರಾಣದ ಭಯ, ಇನ್ನೊಂದು ಬಂದರೆ ಮನೆಯಿಂದ ಹೊರಗಾಗುವ ಭಯ ಇತ್ತು. ಎರಡರಲ್ಲಿ ಯಾವುದಕ್ಕೆ ಹೆಚ್ಚು ಹೆದರಬೇಕು ಎಂದು ಅತ್ತಿಗೆಯಂಥವರು ಅಜ್ಞಾನದಿಂದ ತೀರ್ಮಾನಿಸಿದರು ಎನ್ನುವುದು ಸರಿಯಲ್ಲ.

ನಾನು ಮೂವತ್ತು ವರ್ಷದಿಂದ ಮಕ್ಕಳಿಗೆ ಪಾಠ ಹೇಳುತ್ತಿದ್ದೇನೆ. ಜನವರಿ 30, ಗಾಂಧೀಜಿ ತೀರಿಕೊಂಡ ದಿನ, ಕುಷ್ಠರೋಗ ಅರಿವಿನ ದಿನವೂ ಹೌದು. ಸೇವಾಗ್ರಾಮದಲ್ಲಿ ಕುಷ್ಠ ಹಿಡಿದ ಪರಚುರೆ ಶಾಸ್ತ್ರಿ ಎಂಬ ಸಂಸ್ಕೃತ ಪಂಡಿತರಿಗೆ ಗಾಂಧೀಜಿ ತಾವೇ ಮೈ ತಿಕ್ಕಿ ಉಪಚಾರ ಮಾಡುತ್ತಿದ್ದುದನ್ನು ಆ ದಿನ ಮಕ್ಕಳಿಗೆ ಹೇಳುತ್ತೇನೆ. ಮಕ್ಕಳು ಪ್ರತಿಜ್ಞೆ ಓದುತ್ತವೆ. ಕಾಗದದ ಕಪ್ಪಿನಲ್ಲಿ ಕಾಫಿ ಕೊಟ್ಟಾಕೆಯ ಇಬ್ಬರು ಮಕ್ಕಳೂ ನನ್ನ ಕ್ಲಾಸಿನಲ್ಲೇ ಓದಿದವರು. ಅರಿವಿನ ಕಾರ್ಯಕ್ರಮ ವ್ಯರ್ಥ ಎಂದು ನಾನು ಹೇಳುತ್ತಿಲ್ಲ. ಅದರಿಂದ ಎಷ್ಟೋ ಜನ ಬೇಗ ಔಷಧಕ್ಕೆ ಬಂದಿದ್ದಾರೆ, ಆ ಹುಡುಗಿಯೂ ಹಾಗೆಯೇ ಬಂದಿರಬಹುದು. ಆದರೆ ತಿಳಿದಿರುವುದು ಒಂದು ಕಡೆ, ಲೋಟ ಕೊಡುವ ಕೈ ಇನ್ನೊಂದು ಕಡೆ. ನಡುವೆ ಇರುವುದನ್ನು ದಾಟಿಸುವ ಪಾಠ ಬಿಎಡ್‌ನಲ್ಲಿ ಹೇಳಿಕೊಟ್ಟಿರಲಿಲ್ಲ.

ಹಾಗಾದರೆ ಅಣ್ಣ ಅಂದದ್ದರಲ್ಲಿ ತಪ್ಪೇನು? ಹೆಂಡತಿ ಮೂರು ವರ್ಷ ತಲೆ ತಗ್ಗಿಸಿ ಬದುಕಿದ್ದಳು, ಅದು ಮುಗಿಯಿತು ಎಂದು ದೇವರನ್ನು ನೆನೆದ. ಅಷ್ಟಕ್ಕೂ ಅವನಿಗೆ ಎದುರಿನ ಬೆಂಚು ಕಂಡಿರಲಿಲ್ಲ. ಹೀಗೆಲ್ಲ ಅವನ ಪರವಾಗಿ ನಾನೇ ವಾದ ಹೂಡಿ ನೋಡಿದ್ದೇನೆ. ಆದರೂ ಒಪ್ಪಲು ಆಗುವುದಿಲ್ಲ. "ಅದಲ್ಲವಂತೆ" ಎಂಬ ಮಾತಿನಲ್ಲಿ ದೇವರಿಗೆ ಹೇಳಿದ ಕೃತಜ್ಞತೆ ಎಷ್ಟಿದೆಯೋ, "ಅದು" ಇರುವವರ ಸಾಲಿನಿಂದ ನಮ್ಮನ್ನು ಎಬ್ಬಿಸಿದೆಯಲ್ಲ ಎಂಬ ಕೃತಜ್ಞತೆಯೂ ಅಷ್ಟೇ ಇದೆ. ಸಾಲು ಹಾಗೇ ಇರಲಿ, ನಾನು ಅದರಲ್ಲಿ ಇಲ್ಲದಿದ್ದರೆ ಸಾಕು ಎಂಬ ಬೇಡಿಕೆ. ಯಾವ ಕಾಗದದ ಕಪ್ಪಿಗೆ ಅತ್ತಿಗೆ ನೊಂದಿದ್ದರೋ ಅದೇ ಕಪ್ಪನ್ನು ಅಣ್ಣ ಆ ಹುಡುಗಿಯ ಕೈಗೆ ದಾಟಿಸಿ ಬಂದ ಹಾಗಾಯಿತು. ಹೆಂಡತಿಗಾದ ಅವಮಾನ ತಪ್ಪು ಎನ್ನುವವನಿಗೆ ಅವಳಿಗಾದದ್ದೂ ತಪ್ಪಾಗಬೇಕಲ್ಲ? ನಮಗೆ ರೋಗ ಇಲ್ಲದ್ದರಿಂದ ನಮಗಾದ ಅವಮಾನ ಅನ್ಯಾಯ, ರೋಗ ಇದ್ದಿದ್ದರೆ ಅದು ನ್ಯಾಯ ಎಂದು ಒಪ್ಪಿಕೊಂಡ ಹಾಗೆ ಅಲ್ಲವೇ ಇದು?

ಇದಾದ ಮೇಲೆ ನಡೆದದ್ದು ಇನ್ನೂ ವಿಚಿತ್ರ. ಕ್ಯಾನ್ಸರ್ ಎಂಬ ಸುದ್ದಿ ಹಬ್ಬಿದ್ದೇ ತಡ, ಮನೆಗೆ ಜನ ಬರತೊಡಗಿದರು. ಮೂಸಂಬಿ, ಸೇಬು, ಹಾರ್ಲಿಕ್ಸ್ ಬಾಟಲಿ. ಅರಿಶಿನ ಕುಂಕುಮಕ್ಕೆ ಕರೆಯಲು ಮರೆತ ಇಬ್ಬರೂ ಬಂದು ಅತ್ತಿಗೆಯ ಪಕ್ಕದಲ್ಲೇ ಕುಳಿತು ಕೈ ಹಿಡಿದುಕೊಂಡು ಕಣ್ಣೀರು ಹಾಕಿದರು. ಮುಖ ಮೊದಲಿನದೇ, ಮಚ್ಚೆಯೂ ಅದೇ. ನನ್ನ ಚಿಕ್ಕಂದಿನಲ್ಲಿ ಕ್ಯಾನ್ಸರನ್ನೂ ಮುಚ್ಚಿಡುತ್ತಿದ್ದರು, ಪಿಸುಮಾತಿನಲ್ಲಿ ಹೇಳುತ್ತಿದ್ದರು. ಆ ಹೆಸರಿನ ಮೇಲಿನ ನಾಚಿಕೆ ಅಷ್ಟರ ಮಟ್ಟಿಗೆ ಕರಗಿದೆ, ಅದಕ್ಕೆ ಸಂತೋಷಪಡಬೇಕು. ಗಂಡಿನ ಕಡೆಯವರಿಗೂ ಅಣ್ಣ ಧೈರ್ಯವಾಗಿ ತಿಳಿಸಿದ. "ಅಯ್ಯೋ ಪಾಪ, ಚೆನ್ನಾಗಿ ಔಷಧ ಮಾಡಿಸಿ" ಎಂದರು, ಮದುವೆಯೂ ಆಯಿತು. ಮದುವೆಯ ಗಲಾಟೆ ಮುಗಿದ ಮೇಲೆ ಒಂದು ಸಂಜೆ ನಾನು ಕೇಳಿದೆ: "ಅಣ್ಣಾ, ಅದೇ ಆಗಿದ್ದರೆ ಅವರಿಗೆ ಹೇಳುತ್ತಿದ್ದೆಯಾ?" ಅವನು ಜಗಲಿಯ ಮೇಲೆ ಅಡಕೆ ಕತ್ತರಿಸುತ್ತಾ ಕುಳಿತಿದ್ದ. ಕತ್ತರಿಸುವುದನ್ನು ನಿಲ್ಲಿಸಲಿಲ್ಲ, ಉತ್ತರವನ್ನೂ ಕೊಡಲಿಲ್ಲ.

ಚಿಕಿತ್ಸೆಯ ವಿಷಯ ಹೇಳದಿದ್ದರೆ ಓದುವವರಿಗೆ ಅತ್ತಿಗೆಯ ಗತಿ ಏನಾಯಿತೋ ಎಂಬ ಚಿಂತೆ ಉಳಿಯುತ್ತದೆ. ರೋಗ ಎಷ್ಟು ಹಬ್ಬಿದೆ ಎಂದು ಅಳೆಯುವ ಕ್ರಮ ನನಗೆ ಹಿಡಿಸಿತು. ರೋಗಿಯ ಬೆರಳು ಸಮೇತದ ಅಂಗೈಯನ್ನು ಮೈಯ ಚರ್ಮದ ಶೇಕಡ 1 ಎಂದು ಲೆಕ್ಕ. ಡಾಕ್ಟರು ಅತ್ತಿಗೆಯ ಅಂಗೈಯನ್ನೇ ಅವರ ಹಣೆ ಕೆನ್ನೆಗಳ ಮೇಲೆ ಇಡಿಸಿ ಎಣಿಸಿದರು. ಹತ್ತು ಅಂಗೈಗಿಂತ ಕಡಿಮೆ, ಗಡ್ಡೆಗಳಿಲ್ಲ, ಕತ್ತಿನ ಗ್ರಂಥಿಗಳಲ್ಲಿ, ರಕ್ತದಲ್ಲಿ ಏನೂ ಇಲ್ಲ. ಅಂದರೆ ಮೊದಲ ಹಂತ. ಈ ಹಂತದಲ್ಲಿ ಸಿಕ್ಕರೆ ಬಹಳ ಜನ ಇದನ್ನು ಇಟ್ಟುಕೊಂಡೇ ದಶಕಗಳು ಬದುಕುತ್ತಾರೆ. ಚರ್ಮದ ಮೇಲ್ಪದರದಲ್ಲಿ ಇರುವ ಮಚ್ಚೆಗಳಾದರೆ ಬೆಳಕಿನ ಚಿಕಿತ್ಸೆ ಕೊಡುತ್ತಾರೆ. ಸೊರಾಲೆನ್ ಎಂಬ ಔಷಧ ನುಂಗಿಸಿ ಅತಿನೇರಳೆ ಬೆಳಕಿನಲ್ಲಿ ನಿಲ್ಲಿಸುವುದು ಒಂದು ವಿಧಾನ, ಇದಕ್ಕೆ ಅದನ್ನು 1976ರಿಂದ ಬಳಸುತ್ತಿದ್ದಾರೆ. ನಮ್ಮ ಆಯುರ್ವೇದದವರು ತೊನ್ನಿಗೆ ಕೊಡುವ ಬಾಕುಚಿ ಬೀಜದಲ್ಲಿ ಇರುವುದೂ ಸೊರಾಲೆನ್ನೇ. ಆದರೆ ಅತ್ತಿಗೆಯದು ಕೂದಲ ಬುಡದವರೆಗೆ ಇಳಿದದ್ದರಿಂದ ಬೆಳಕು ಅಷ್ಟು ಆಳಕ್ಕೆ ಮುಟ್ಟುವುದಿಲ್ಲ ಎಂದು ವಿಕಿರಣ ಕೊಟ್ಟರು. ದಿನಕ್ಕೆ 2 ಗ್ರೇಯಂತೆ ಹನ್ನೆರಡು ಸಲ, ಒಟ್ಟು 24 ಗ್ರೇ. ಸ್ತನದ ಕ್ಯಾನ್ಸರಿಗೆ ಸಾಮಾನ್ಯವಾಗಿ ಕೊಡುವುದು ನಲವತ್ತು ಐವತ್ತು. ಈ ಕಣಗಳು ವಿಕಿರಣಕ್ಕೆ ಬೇಗ ಮಣಿಯುತ್ತವೆ. ಕಣ್ಣಿಗೆ ಮರಗಟ್ಟುವ ಹನಿ ಹಾಕಿ ರೆಪ್ಪೆಯ ಒಳಗೆ ಲೋಹದ ಪುಟ್ಟ ಬಟ್ಟಲಿನಂಥದನ್ನು ಕೂರಿಸುತ್ತಿದ್ದರು. ಅತ್ತಿಗೆಗೆ ಇಡೀ ಚಿಕಿತ್ಸೆಯಲ್ಲಿ ಭಯವಾದದ್ದು ಅದೊಂದಕ್ಕೇ.

ಜೊತೆಗೆ ಮೆಥೊಟ್ರೆಕ್ಸೇಟ್ ಎಂಬ ಮಾತ್ರೆ, ವಾರಕ್ಕೆ ಒಂದೇ ದಿನ. ಇದನ್ನು ಒತ್ತಿ ಹೇಳುತ್ತೇನೆ, ಯಾಕೆಂದರೆ ಸಂಧಿವಾತಕ್ಕೂ ಸೋರಿಯಾಸಿಸ್ಸಿಗೂ ಇದೇ ಮಾತ್ರೆ ಎಷ್ಟೋ ಮನೆಗಳಲ್ಲಿದೆ. ವಾರಕ್ಕೊಮ್ಮೆ ತೆಗೆದುಕೊಳ್ಳಬೇಕಾದ್ದನ್ನು ದಿನಾ ನುಂಗಿ ಪ್ರಾಣಕ್ಕೆ ಸಂಚಕಾರ ತಂದುಕೊಂಡವರಿದ್ದಾರೆ. ಅತ್ತಿಗೆಯದು ಸೋಮವಾರ. ಕ್ಯಾಲೆಂಡರಿನಲ್ಲಿ ಸೋಮವಾರಗಳಿಗೆಲ್ಲ ಕುಂಕುಮದ ಬೊಟ್ಟು ಇಟ್ಟಿರುತ್ತಾರೆ.

ಮಚ್ಚೆಗಳು ಕರಗಿದವು. ತುರಿಕೆ ನಿಂತು ಅವರು ರಾತ್ರಿ ನಿದ್ದೆ ಮಾಡತೊಡಗಿದರು. ಹುಬ್ಬಿನಲ್ಲಿ ಒಂದಿಷ್ಟು ಎಳೆ ಮಾತ್ರ ಮರಳಿ ಬಂದಿದೆ, ಉಳಿದದ್ದನ್ನು ಮದುವೆ ಮುಂಜಿಗೆ ಹೋಗುವಾಗ ಸೊಸೆ ಪೆನ್ಸಿಲಿನಲ್ಲಿ ತಿದ್ದಿ ಕೊಡುತ್ತಾಳೆ. 2022ರಲ್ಲಿ ಕಿವಿಯ ಹಿಂದೆ ಮತ್ತೆ ಕಾಣಿಸಿಕೊಂಡಿತ್ತು, ಎರಡು ಸಲ ಸಣ್ಣ ಪ್ರಮಾಣದ ವಿಕಿರಣಕ್ಕೆ ಹೋಯಿತು. ಪೂರ್ತಿ ಹೋಯಿತು ಎಂದು ಈ ರೋಗದಲ್ಲಿ ಯಾರೂ ಬರೆದುಕೊಡುವುದಿಲ್ಲ. ಬರುತ್ತದೆ, ಅದಕ್ಕೆ ತಕ್ಕದ್ದನ್ನು ಕೊಡುತ್ತಾರೆ, ಹೋಗುತ್ತದೆ.

ತಟ್ಟೆ ಲೋಟ ಮೊದಲಿನ ಜಾಗಕ್ಕೆ ಬಂದವು. ಆದರೆ ಮನೆಗೆ ಯಾರೇ ಬಂದರೂ ಅತ್ತಿಗೆ ಕಾಗದದ ಕಪ್ಪು ಬಳಸುವುದಿಲ್ಲ. ಕಳೆದ ವರ್ಷ ಮೊಮ್ಮಗಳ ನಾಮಕರಣಕ್ಕೆ ಅಡುಗೆಯವರು ಕಟ್ಟುಗಟ್ಟಲೆ ತಂದಿಟ್ಟಿದ್ದನ್ನು ವಾಪಸು ಮಾಡಿಸಿ, ಇನ್ನೂರು ಸ್ಟೀಲ್ ಲೋಟ ಬಾಡಿಗೆಗೆ ತರಿಸಿದರು. ತೊಳೆಯುವವರು ಗೊಣಗಿದರು. ಆ ದಿನ ಮಧ್ಯಾಹ್ನ, ಜನ ಎಲ್ಲ ಹೋದ ಮೇಲೆ, ಲೋಟಗಳನ್ನು ಎಣಿಸಿ ಬುಟ್ಟಿಗೆ ಹಾಕುತ್ತಾ ಅವರು ಇದ್ದಕ್ಕಿದ್ದ ಹಾಗೆ ಕೇಳಿದರು: "ಆ ಹುಡುಗಿಯ ಔಷಧ ಮುಗಿದಿರುತ್ತದೆ ಅಲ್ಲವಾ?"

ಯಾವ ಹುಡುಗಿ ಎಂದು ನಾನು ಕೇಳಬೇಕಾಗಿರಲಿಲ್ಲ. "ಹೆಚ್ಚೆಂದರೆ ಒಂದು ವರ್ಷದ್ದು ಅತ್ತಿಗೆ. ಎಂದೋ ಮುಗಿದಿರುತ್ತದೆ. ಪೂರ್ತಿ ವಾಸಿಯಾಗಿರುತ್ತದೆ" ಎಂದೆ.

"ನನ್ನದು ಇದ್ದೇ ಇದೆ, ಸೋಮವಾರ ಸೋಮವಾರ" ಎಂದು ನಕ್ಕರು. ಆಮೇಲೆ, "ಅವಳಿಗೆ ಮದುವೆ ಆಯಿತೋ ಇಲ್ಲವೋ" ಎಂದರು.

ನನಗೆ ಗೊತ್ತಿಲ್ಲ ಎಂದೆ. ನೂರ ತೊಂಬತ್ತೆಂಟು ಲೋಟ ಸಿಕ್ಕಿದ್ದವು, ಇನ್ನೆರಡನ್ನು ಹುಡುಕಲು ಅವರು ಹಿತ್ತಲಿಗೆ ಹೋದರು.